ಪಕ್ಕದ ಹಾಸಿಗೆಯವನ ಸಂಖ್ಯೆ

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋಗಿದ್ದರು. ಏನೂ ಆಗಿಲ್ಲವೆಂಬಂತೆ ಬೆಳಗಾಯಿತು, ನಲ್ಲಿಯಲ್ಲಿ ನೀರು ಬಂತು, ಹಾಲು ಉಕ್ಕಿತು. ಅವಳು ಒಲೆ ಒರೆಸುತ್ತಿದ್ದಾಗ ಮೈದುನ ಅಣ್ಣನ ಎರಡು ರಕ್ತಪರೀಕ್ಷೆಯ ವರದಿಗಳನ್ನು ಮೇಜಿನ ಮೇಲಿಟ್ಟ.

"ಅತ್ತಿಗೆ, ಸ್ಟೆಂಟ್ ಹಾಕೋ ಮುಂಚೆ ಟ್ರೋಪೋನಿನ್ ಹನ್ನೆರಡು. ಹಾಕಿದ್ಮೇಲೆ ನೂರಾ ಅರವತ್ತು. ನೀವು ನೋಡಿದ್ರೆ ಏರೋದು ಸಹಜ ಅಂದ್ರಿ."

ಅಂದಿದ್ದಳು. ಜೀವರಸಾಯನಶಾಸ್ತ್ರ ಓದಿದವಳು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಈ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ರಕ್ತನಾಳದೊಳಗೆ ಬಲೂನು ಉಬ್ಬಿಸಿದರೂ ಅಷ್ಟಿಷ್ಟು ಸೋರುವುದೇ. ಅದು ಬರೀ ತರಚಲೋ, ನಿಜವಾದ ಏಟೋ, ಒಂದೇ ಸಂಖ್ಯೆ ಹೇಳುವುದಿಲ್ಲ. ಆದರೆ ಅವಳ 'ಸಹಜ'ವನ್ನು ನಂಬಿ ಗಂಡ ಎದೆನೋವು ನುಂಗಿಕೊಂಡು ಮಲಗಿಬಿಟ್ಟನೇ? ಅದೊಂದು ಗೊತ್ತಾಗಬೇಕಿತ್ತು. ಅವನು ತೀರಿಕೊಂಡ ರಾತ್ರಿ ಅವಳು ಮನೆಗೆ ಬಂದಿದ್ದಳು. ಪಕ್ಕದ ಹಾಸಿಗೆಯಲ್ಲಿದ್ದವನು ಒಬ್ಬ ಕ್ಷೌರಿಕ. ವರದಿ ಓದಲೆಂದು ಗಂಡ ಇಸಕೊಂಡಿದ್ದ ಅವನ ಕನ್ನಡಕ ಆಸ್ಪತ್ರೆಯ ಚೀಲದಲ್ಲೇ ಉಳಿದಿತ್ತು. ಹೋಗಲು ನೆಪವಾಯಿತು.

ಅಂಗಡಿಯಲ್ಲಿ ಕ್ಷೌರಿಕ ಗಿರಾಕಿಯ ಅರ್ಧ ಮುಖ ಬೋಳಿಸಿದ್ದ. ಅವಳನ್ನು ಕಂಡು ಕತ್ತಿ ಕೆಳಗಿಟ್ಟ.

"ನಿಮ್ಮದು ಎಷ್ಟು ಬಂದಿತ್ತು?" ಪೀಠಿಕೆಯಿಲ್ಲದೆ ಕೇಳಿದಳು.

"ಆರುನೂರು ಚಿಲ್ಲರೆ, ತಾಯಿ. 'ಫಸ್ಟ್ ಕ್ಲಾಸ್ ನಿಮ್ಮದೇ ಬಿಡಿ' ಅಂತ ನಗಾಡಿದ್ರು ನಿಮ್ಮ ಯಜಮಾನ್ರು." ದನಿ ಇಳಿಯಿತು. "ಹೆಚ್ಚು ಬಂದವನು ಇಲ್ಲಿ ನಿಂತಿದೀನಿ."

"ರಾತ್ರಿ ನೋವು ಅಂದ್ರಾ?"

"ಅಂದ್ರು. ಅಂದು ಸುಮ್ನಿದ್ರಾ, ನರ್ಸಮ್ಮನ ತಲೆ ತಿಂದ್ರು. 'ಏರೋದು ಸಹಜ, ಆದ್ರೆ ನೋವು ಬಂದ್ರೆ ಇನ್ನೊಂದ್ಸಲ ನೋಡಲೇಬೇಕು ಅಂದಿದಾಳೆ ನಮ್ಮ ಮನೆ ಪ್ರೊಫೆಸರಮ್ಮ. ತಗೊಳ್ಳಿ ರಕ್ತ' ಅಂತ. ಡಾಕ್ಟರೂ ಓಡಿಬಂದ್ರು. ರಕ್ತ ತಗೊಂಡ್ರು. ಆಮೇಲೆ..."

ಮಾತಿನ ಆ ಎರಡನೇ ಅರ್ಧ ಮೈದುನನಿಗಿರಲಿ, ಅವಳಿಗೇ ಮರೆತುಹೋಗಿತ್ತು. ಹಾಗಾದರೆ ಮೂರನೆಯ ಸಂಖ್ಯೆಯೊಂದು ಲ್ಯಾಬಿನಲ್ಲಿದೆ. ಏರಿತ್ತೇ, ಇಳಿದಿತ್ತೇ? ಏನನ್ನಾದರೂ ತಿಳಿಯಬೇಕೆಂದು ಅವಳಿಗೆ ಅನ್ನಿಸಿ ಎಷ್ಟೋ ದಿನವಾಗಿತ್ತು. ಆಸ್ಪತ್ರೆಯ ಕಡೆಗೆ ಹೊರಟು ಮೆಟ್ಟಿಲಿಳಿದಳು.

"ಅಮ್ಮಾ, ಕೈಯಲ್ಲಿರೋದು ನಂದಲ್ವಾ?"

ಅವಳು ತಿರುಗಿ ಬಂದು ಕನ್ನಡಕ ಕೊಟ್ಟಳು.

ನೊರೆಯೊಳಗಿಂದ ಗಿರಾಕಿ ಬೆಚ್ಚಿದ. "ಏನಯ್ಯಾ, ಇಷ್ಟು ಹೊತ್ತೂ ಕಣ್ಣು ಕಾಣದೇನೇ ಕತ್ತಿ ಆಡಿಸ್ತಿದ್ದೆಯಾ?"