ಲೆನ್ ತಲೆ ಬಾಗಿಸಿದ್ದು

ಫೋನಿನಲ್ಲಿದ್ದ ಹೆಂಗಸು ಎರಡನೆಯ ಸಲವೂ ಅಷ್ಟೇ ಮೆತ್ತಗೆ ಕೇಳಿದಳು: ಸಂಶೋಧನಾ ಕೇಂದ್ರದಿಂದ ವ್ಯಾನು ಹೊರಡಬಹುದೇ? ಸಿದ್ದೇಶ್ವರಿ ಫೋನನ್ನು ಮಗಳು ಹರಿಣಿಯ ಕೈಗಿತ್ತು, ಒಳಕೋಣೆಗೆ ಹೋಗಿ ಗಂಡನ ಮಂಚದ ಪಕ್ಕ ಕುಳಿತರು. ಲೆನ್ ಗಾರ್ಸೈಡ್ ಬೆಳಗಿನ ಜಾವ ತೀರಿಕೊಂಡಿದ್ದರು. ಹಣೆಯ ಮೇಲೆ ಹಿಂದಿನ ದಿನದ ವಿಭೂತಿ ಇನ್ನೂ ಇತ್ತು.

ಯುದ್ಧ ಮುಗಿದ ಕಾಲದಲ್ಲಿ ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿ ಬೆಳೆದವರು ಲೆನ್. ಮೀಸೆ ಮೂಡುವ ವಯಸ್ಸಿಗೇ ಅಲ್ಲಿಯ ಫುಟ್‌ಬಾಲ್ ಕ್ಲಬ್ಬು ಅವರನ್ನು ಸಂಬಳಕ್ಕೆ ಸೇರಿಸಿಕೊಂಡಿತು. ರಕ್ಷಣೆಯ ಸಾಲಿನ ನಡುವೆ ನಿಂತು, ಎತ್ತರದಲ್ಲಿ ಬರುವ ಚೆಂಡನ್ನೆಲ್ಲ ಹಣೆಯಿಂದ ಹೊಡೆದು ಹಿಂದಕ್ಕೆ ಕಳಿಸುವುದು ಅವರ ಕೆಲಸ. ಆಗಿನ ಚೆಂಡು ಚರ್ಮದ್ದು; ಮಳೆಯಲ್ಲಿ ನೀರು ಕುಡಿದು ಕಲ್ಲಿನಂತಾಗುತ್ತಿತ್ತು. ಶನಿವಾರ ಪಂದ್ಯ, ವಾರವೆಲ್ಲ ಅಭ್ಯಾಸ. ತಲೆನೋವಿಗೆ ಒಂದು ಮಾತ್ರೆ. ಮೊಣಕಾಲು ಸೋತು ಕ್ಲಬ್ಬು ಕೈಬಿಟ್ಟಾಗ, ಅಟ್ಲಾಂಟಾದಲ್ಲಿ ಹೊಸದಾಗಿ ಕಟ್ಟಿದ್ದ ತಂಡಕ್ಕೆ ಬಂದರು. ಮೊಣಕಾಲಿನ ಚಿಕಿತ್ಸೆಗೆ ಹೋದ ಆಸ್ಪತ್ರೆಯಲ್ಲಿ, ದಾವಣಗೆರೆಯಿಂದ ಬಂದಿದ್ದ ಸಿದ್ದೇಶ್ವರಿ ಸಿಕ್ಕರು.

ಆಕೆ ಅಲ್ಲಿಯ ಪೆಥಾಲಜಿ ಲ್ಯಾಬಿನಲ್ಲಿದ್ದರು. ಸತ್ತವರ ಅಂಗದ ತುಂಡುಗಳನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ಕೊಡುವುದರಲ್ಲೇ ಅವರ ಉದ್ಯೋಗ ಕಳೆದಿತ್ತು. ವ್ಯಾನು ದೇಹವನ್ನು ಒಯ್ದ ಮೇಲೆ ಏನೇನು ನಡೆಯುತ್ತದೆಂದು ಫೋನಿನ ಹೆಂಗಸು ಹೇಳದೆ ಬಿಟ್ಟಿದ್ದೆಲ್ಲ ಅವರಿಗೆ ಗೊತ್ತಿತ್ತು.

ಕ್ಲಬ್ಬಿನ ಹಳೆಯ ಜೊತೆಗಾರರು ಒಬ್ಬೊಬ್ಬರಾಗಿ ಹೆಂಡತಿಯ ಹೆಸರನ್ನೂ ಮರೆತು ಸತ್ತ ಸುದ್ದಿ ಬಂದಾಗ ಲೆನ್ ತಾವೇ ಕೇಳಿಕೊಂಡಿದ್ದರು. ತಾನು ಹೋದ ಮೇಲೆ ತನ್ನ ಮಿದುಳನ್ನು ಡಾಕ್ಟರುಗಳಿಗೆ ಕೊಡಬೇಕು, ಒಳಗೆ ಏನಾಗಿದೆಯೋ ನೋಡಲಿ ಎಂದು. ಸಿದ್ದೇಶ್ವರಿ ಒಪ್ಪಿದ್ದರು. ಬಳಿಕ ಲೆನ್‌ಗೂ ಮರೆವು ಹಿಡಿಯಿತು. ಕೋವಿಡ್ ಕಳೆದ ಮೇಲೆ ಹರಿಣಿ ಇಬ್ಬರನ್ನೂ ಕ್ಯಾರಿ ಎಂಬ ಊರಿನ ತನ್ನ ಮನೆಗೆ ಕರೆತಂದಳು. ಇಲ್ಲಿ ಒಂದು ಬೆಳಗ್ಗೆ, ಇಷ್ಟಲಿಂಗ ಪೂಜೆ ಮುಗಿಸಿದ ಸಿದ್ದೇಶ್ವರಿ ವಿಭೂತಿಯ ಬೆರಳನ್ನು ಸುಮ್ಮನೆ ಗಂಡನತ್ತ ಚಾಚಿದರು. ಮದುವೆಯಾದಂದಿನಿಂದ ಪೂಜೆಯ ಹೊತ್ತಿಗೆ ಪೇಪರು ಓದುತ್ತಿದ್ದ ಮನುಷ್ಯ ಕತ್ತು ಮುಂದೆ ಮಾಡಿ ಹಣೆ ಕೊಟ್ಟರು. ಮರುದಿನವೂ ಕೊಟ್ಟರು. ಶಿವ ಕಡೆಗೂ ಗಂಡನನ್ನು ತನ್ನ ಭಕ್ತನಾಗಿ ಮಾಡಿಕೊಂಡ ಎಂದು ಸಿದ್ದೇಶ್ವರಿ ಅತ್ತರು. ಊರಿನ ಲಿಂಗಾಯತ ಮನೆಗಳಿಗೆಲ್ಲ ಹೇಳಿದರು. ಬಸವ ಜಯಂತಿಯಂದು ಹಿರಿಯರಾದ ಕರಬಸಪ್ಪನವರು ಲೆನ್‌ಗೆ ಶಾಲು ಹೊದಿಸಿದ್ದರು.

ಅದೇ ಕರಬಸಪ್ಪನವರು ಈಗ ಮನೆಯ ಹಜಾರದಲ್ಲಿ ಒಂದು ಲಿಂಗವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕುಳ್ಳಿರಿಸಿ ಹೂಳಲು ಇಲ್ಲಿನ ಸ್ಮಶಾನದಲ್ಲಿ ಬಿಡುವುದಿಲ್ಲ, ಮಲಗಿಸಿದರೂ ಕೈಯಲ್ಲಿ ಲಿಂಗವಿದ್ದರೆ ಆಯಿತು ಎಂದು ದಾರಿ ಹುಡುಕಿದವರೂ ಅವರೇ. ಸಿದ್ದೇಶ್ವರಿ ಹೊರಗೆ ಬಂದದ್ದು ನೋಡಿ ಎದ್ದು ನಿಂತರು.

“ಅಕ್ಕೋರೆ, ಭಕ್ತನ ದೇಹ ಕೊಯ್ಯಾಕ ಬಿಡಬ್ಯಾಡ್ರಿ. ಆವತ್ತು ಕೊಡ್ತೀನಿ ಅಂದಿದ್ದು ಫುಟ್‌ಬಾಲ್ ಆಡೋ ಲೆನ್. ಹೋಗಿದ್ದು ನಮ್ಮ ಲೆನ್ನಪ್ಪ.”

ಸಿದ್ದೇಶ್ವರಿಗೆ ಬೇಕಾಗಿದ್ದುದೂ ಅದೇ ಮಾತು. ಸತ್ತ ಮೇಲಾದರೂ ಗಂಡ ತನ್ನ ದೇವರ ಕಡೆಗೆ ಇರಬೇಕು. ವ್ಯಾನು ಬೇಡವೆಂದು ಹೇಳುವಂತೆ ಮಗಳಿಗೆ ಸನ್ನೆ ಮಾಡಿದರು.

ಹರಿಣಿ ಫೋನಿನ ಮೇಲೆ ಕೈ ಮುಚ್ಚಿದಳು. “ಅವ್ವ, ಡ್ಯಾಡಿಗೆ ಪ್ರಾಮಿಸ್ ಮಾಡಿದ್ದೆ ನೀನು.”

“ಆಮೇಲೆ ಅವ್ರು ಬದಲಾದ್ರು. ದಿನಾ ತಲೆ ಬಾಗಿಸ್ತಿದ್ರು. ನೀನೇ ನೋಡೀಯಲ್ಲ.”

ಹರಿಣಿ ತಾಯಿಯ ಹತ್ತಿರ ಬಂದಳು.

“ಅದು ಹೆಡರ್, ಅವ್ವ. ಬಾಲ್ ಬರ್ತಿದೆ ಅಂತ ಹಣೆ ಕೊಡ್ತಿದ್ರು. ಅಟ್ಲಾಂಟಾದಲ್ಲಿ ನಮ್ಗೆಲ್ಲ ಕೋಚ್ ಮಾಡ್ತಿದ್ರಲ್ಲ, ಸೇಮ್ ಅದೇ. ವಯಸ್ಸಾದವರ ಡೇ ಕೇರಲ್ಲಿ ಮುಖ ಒರೆಸೋಕೆ ಟವೆಲ್ ತಂದ್ರೂ ಹಾಗೇ ಮಾಡ್ತಿದ್ರು. ನೀನು ಅಷ್ಟು ಹ್ಯಾಪಿ ಇದ್ದೆ. ಹೇಗೆ ಹೇಳ್ಲಿ?”

ಇಲ್ಲಿ ಹುಟ್ಟಿದ ಮಕ್ಕಳಿಗೆ ಭಕ್ತಿ ಎಲ್ಲಿ ತಿಳಿಯಬೇಕು ಎಂದು ಕರಬಸಪ್ಪನವರು ಗೊಣಗಿದರು. ಸಿದ್ದೇಶ್ವರಿಗೆ ಅದು ಕೇಳಿಸಲಿಲ್ಲ. ಅವರು ಗಂಡನ ಬೆಳಗುಗಳನ್ನು ನೆನಪಿಗೆ ತಂದುಕೊಳ್ಳುತ್ತಿದ್ದರು. ಎದೆಗೆ ಒತ್ತಿದ ಗದ್ದ, ಬಿಗಿದ ಕತ್ತು, ತುಸು ಹಿಂದಿಟ್ಟ ಎಡಗಾಲು. ವಿಭೂತಿ ಹಚ್ಚಿಸಿಕೊಳ್ಳುವಾಗ ತಮ್ಮ ತಂದೆ ಕಣ್ಣು ಮುಚ್ಚುತ್ತಿದ್ದರು. ಮಠದಲ್ಲಿ ಎಲ್ಲರೂ ಮುಚ್ಚುತ್ತಿದ್ದರು. ಲೆನ್ ಒಂದು ದಿನವೂ ಮುಚ್ಚಿರಲಿಲ್ಲ. ಚೆಂಡು ಹಣೆಗೆ ತಾಗುವ ತನಕ ಕಣ್ಣು ಮುಚ್ಚಬೇಡಿ ಎಂದು ಅಟ್ಲಾಂಟಾದ ಮೈದಾನದಲ್ಲಿ ಮಕ್ಕಳಿಗೆ ಕೂಗಿ ಹೇಳುತ್ತಿದ್ದರು. ಆ ನೀಲಿ ಕಣ್ಣುಗಳು ಪ್ರತಿ ಬೆಳಗ್ಗೆ, ದೂರದಿಂದ ಬರುತ್ತಿದ್ದ ತಮ್ಮ ಬೆರಳನ್ನೇ ಅಳೆಯುತ್ತಿದ್ದವು. ಗಾಜಿನ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿ ಬದುಕಿದ ತಾವೇ ಅದನ್ನು ನೋಡಿರಲಿಲ್ಲ.

“ಲಿಂಗ ವಾಪಸ್ ತಗೊಂಡ್ ಹೋಗ್ರಿ, ಕರಬಸಪ್ಪನೋರೆ,” ಎಂದರು. “ಅವ್ರು ಕೇಳಿರ್ಲಿಲ್ಲ.”

ಕರಬಸಪ್ಪನವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿಕೊಂಡರು. ಸಿದ್ದೇಶ್ವರಿ ಮಗಳ ಕೈಯಿಂದ ಫೋನು ತೆಗೆದುಕೊಂಡರು. ತಡಮಾಡದೆ ಬರಬೇಕು, ಕೋಣೆಯನ್ನು ತಣ್ಣಗಿಟ್ಟಿರುತ್ತೇನೆ ಎಂದು ಹಳೆಯ ಲ್ಯಾಬಿನ ಧ್ವನಿಯಲ್ಲಿ ಹೇಳಿದರು.

ವ್ಯಾನಿನಲ್ಲಿ ಇಬ್ಬರು ಬಂದಿದ್ದರು. ಮಂಚದಿಂದ ಸ್ಟ್ರೆಚರಿಗೆ ಎತ್ತುವಾಗ ಲೆನ್ ಅವರ ತಲೆ ಒಂದು ಬದಿಗೆ ವಾಲಿತು. ಸಿದ್ದೇಶ್ವರಿ ಅಂಗೈಯನ್ನು ಅದರ ಕೆಳಗೆ ಕೊಟ್ಟರು. ಬಾಗಿಲು ದಾಟಿದರೂ ಕೈ ತೆಗೆಯಲಿಲ್ಲ, ಪಕ್ಕದಲ್ಲೇ ನಡೆದರು. ನಾವು ಹಿಡಿದಿದ್ದೇವೆ ಮ್ಯಾಮ್, ನೀವು ಬಿಡಬಹುದು ಎಂದು ಒಬ್ಬ ಇಂಗ್ಲಿಷಿನಲ್ಲಿ ಹೇಳಿದ. ಅವರು ಗೊತ್ತೆಂಬಂತೆ ತಲೆಯಾಡಿಸಿದರು. ಮನೆ ಮುಂದಿನ ಡ್ರೈವ್‌ವೇಯ ಕಾಂಕ್ರೀಟಿನ ಸಂದಿನಲ್ಲಿ ಸ್ಟ್ರೆಚರಿನ ಚಕ್ರ ಎಗರಿತು. ಅಂಗೈ ಅಲುಗಲಿಲ್ಲ.