ಒಂದೇ ಹೆಸರಿನ ಇಬ್ಬರು

ಮೌಸಿನ ಬಾಣ ನನ್ನ ಹೆಸರಿನ ಮೇಲೆ ಬಂದು ನಿಂತಿದೆ, ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಇಷ್ಟು ದೊಡ್ಡದಾಗಿ ನನ್ನ ಹೆಸರನ್ನು ನಾನೇ ಕಂಡಿರಲಿಲ್ಲ, ಫೈಲಿನ ಮೊದಲ ಸಾಲು, ಹರಿಣಿ, ಮೇ ೨೦೦೬ — ಸರ್, ಯೇ ಹರಿಣಿ ಕಾ ಕೋಡ್ ಹೈ, ಮಹಂತೇಶ ಹೇಳುತ್ತಿದ್ದಾನೆ, ಮ್ಯಾನೇಜರ್ ಚಂದ್ರಮೋಹನ ಸರ್ ಕಡೆ ತಿರುಗಿ, ನನ್ನನ್ನು ನೋಡದೆ. ಬರೆದದ್ದು ನಾನೇ, ಹೌದು, ಆದರೆ ನಾನು ಕೀ, ಅಂದರೆ ಹುಡುಕುವ ಗುರುತು, ಮಾಡಿದ್ದು ರೋಲ್ ನಂಬರನ್ನು, ಹೆಸರನ್ನಲ್ಲ, ಶುಕ್ರವಾರ ಇದೇ ಮಹಂತೇಶ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದ್ದನಲ್ಲ, ಹೆಸರೇ ಕೀ ಆದ್ರೆ ಹುಡುಕೋದು ಸುಲಭ ಅಲ್ವೇನೇ, ಬೇಡ ಕಣೋ, ಒಂದೇ ಹೆಸರಿನವರು ಇಬ್ಬರಿದ್ರೆ, ಅಚ್ಛಾ, ಬಿಡು ಹಾಗಾದ್ರೆ. ಬಿಟ್ಟ ಅಂದುಕೊಂಡು ಮನೆಗೆ ಹೋದೆ, ಈಗ ಗೋಡೆಯ ಮೇಲಿನ ಸಾಲಿನಲ್ಲಿ ಕೀ ಹೆಸರೇ. ಅವನಿಗೆ ಪಿಎಚ್‌ಪಿ ಕೋಡ್ ಬರೆಯೋದನ್ನು ಕಲಿಸಿದವಳು ನಾನು, ಅವನು ನೋಯ್ಡಾದ ಈ ಆಫೀಸಿಗೆ ಸೇರಿದ ಹೊಸತರಲ್ಲಿ, ದಿಲ್ಲಿಯ ಮುನಿರ್ಕಾದ ನನ್ನ ಕೋಣೆಯಲ್ಲಿ ಒಗ್ಗರಣೆ ಅವಲಕ್ಕಿ ಹಾಕಿಕೊಟ್ಟು — ಅರೇ ಅಂದ್ರೆ ಪಟ್ಟಿ ಇದ್ದ ಹಾಗೆ, ಅದರಲ್ಲಿ ಒಂದು ಕೀಗೆ ಒಂದೇ ವ್ಯಾಲ್ಯೂ, ಅದೇ ಕೀಗೆ ಇನ್ನೊಂದು ಇಟ್ರೆ ಮೊದಲಿಂದು ಅಳಿಸಿಹೋಗುತ್ತೆ, ಎರರ್ ಕೂಡ ಬರಲ್ಲ — ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡೇ ನಕ್ಕಿದ್ದ, ನೀನಿಲ್ದಿದ್ರೆ ಈ ಊರಲ್ಲಿ ನನ್ನ ಗತಿ ಏನೇ. ಈಗ ನಾವು ಹಾಕಿದ ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ಇಬ್ಬರು ಸುಮಿತ್ರಾ ಯಾದವ್, ಮೊದಲನೆಯವಳು ಪಾಸು, ಎರಡನೆಯವಳು ಫೇಲು, ವೆಬ್‌ಸೈಟಿನಲ್ಲಿ ಮೂರು ದಿನದಿಂದ ಇಬ್ಬರೂ ಫೇಲು, ಪಾಸಾದವಳು ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ, ಮುಖರ್ಜಿ ನಗರದ ಹಾಸ್ಟೆಲ್ ಬಿಟ್ಟು ರೇವಾಡಿಯ ಬಸ್ಸು ಹತ್ತಿದಳಂತೆ. ಹೇಳು, ಈಗಲೇ ಹೇಳು — ಸರ್, ಆ ಸಾಲು ನನ್ನದಲ್ಲ, ಅಂದೆ, ಆಗ ಅವನು ಮೊದಲ ಸಲ ನನ್ನ ಕಡೆ ತಿರುಗಿದ, ಮೆತ್ತಗೆ, ಅಲ್ಲಿ ಇನ್ಯಾರಿಗೂ ಅರ್ಥವಾಗದ ನಮ್ಮ ಕನ್ನಡದಲ್ಲಿ, ಒಪ್ಕೊಂಡ್ಬಿಡೇ ಹರಿಣಿ, ಮುಂದಿನ ವಾರ ನನ್ನ ಕೆಲಸದ ಕನ್ಫರ್ಮೇಶನ್ ಇದೆ. ಕನ್ನಡದಲ್ಲಿ. ಈ ಊರಿನಲ್ಲಿ ಯಾರಾದರೂ ಕನ್ನಡ ಆಡಿದರೆ ಬಸ್ಸಿನಲ್ಲೂ ತಿರುಗಿ ನೋಡುತ್ತಿದ್ದವಳು ನಾನು, ಆ ಭಾಷೆಯಲ್ಲೇ ಕೇಳಿಬಿಟ್ಟ, ನಾನು ಗೋಡೆಯ ಮೇಲಿನ ನನ್ನ ಹೆಸರಿನ ಕಡೆ ತಿರುಗಿದೆ, ಅದನ್ನೇ ಸರ್ ಒಪ್ಪಿಗೆ ಅಂದುಕೊಂಡರು, ಲಡ್ಕೀ ಕೋ ತುಮ್ ಹೀ ಫೋನ್ ಕರೋ, ಆ ಹುಡುಗಿಗೆ ನೀನೇ ಫೋನ್ ಮಾಡು ಅಂತ, ಎಲ್ಲರೂ ಎದ್ದು ಹೊರಗೆ ಹೋದರು, ಅವನೂ. ಕಿವಿಗಿಟ್ಟ ಫೋನಿನಲ್ಲಿ ಆ ಪಾಸಾದ ಹುಡುಗಿ, ದೀದಿ, ಪಕ್ಕಾ ಪಾಸ್ ನಾ, ಫಿರ್ ಬದಲೇಗಾ ತೋ ನಹೀ, ಮತ್ತೆ ಬದಲಾಗಲ್ಲ ತಾನೆ ಅಂತ, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಪಕ್ಕಾ, ಗಲತೀ ಹಮಾರೀ ಥೀ, ತಪ್ಪು ನಮ್ಮದು, ಹಮಾರೀ ಅಂದೆನಲ್ಲ, ಯಾಕೆ ಹಾಗಂದೆ — ಗಾಜಿನ ಆಚೆ ಮಹಂತೇಶ ಎರಡು ಬೆರಳು ಎತ್ತಿದ್ದಾನೆ, ಎರಡು ಚಹಾ ಹೇಳಲಾ ಅಂತ, ದಿನವೂ ಕೇಳುವ ಹಾಗೆ, ಹುಬ್ಬು ಏರಿಸಿ, ಎರಡು ಬೆರಳು, ಇನ್ನೂ ಇಳಿಸಿಲ್ಲ, ಎರಡು ಬೆರಳು