ಹುಳದೊಳಗಿನ ಕೆಂಪು ಗೆರೆ

ನನ್ನ ಗಂಡ ಆರ್ವಿಲ್ ಹುಳ ಹೊಯ್ಯುವಾಗ ನಾನು ಮಾತಾಡಕೂಡದು, ಕೆಮ್ಮಕೂಡದು, ಪಕ್ಕದ ಮನೆಯ ನಾಯಿ ಸಹ ಬೊಗಳಕೂಡದು. ಮದುವೆಯಾದಾಗಿನಿಂದ ನಮ್ಮ ಕಾರ್ ಶೆಡ್ಡಿನಲ್ಲಿ ಕಾರು ನಿಂತಿದ್ದನ್ನು ನಾನು ಕಂಡಿಲ್ಲ. ಅಲ್ಲಿರುವುದು ಹಳೆಯ ಮೈಕ್ರೋವೇವ್, ಅಚ್ಚುಗಳು, ಬಣ್ಣದ ಸೀಸೆಗಳು, ಎಷ್ಟು ಗುಡಿಸಿದರೂ ಹೋಗದ ಮಿಂಚುಪುಡಿ. ಹಾಲಿನಂಥ ಪ್ಲಾಸ್ಟಿಕ್ ದ್ರವವನ್ನು ಕಾಯಿಸಿ, ಬಣ್ಣ ಬೆರೆಸಿ, ಅಚ್ಚಿಗೆ ಹೊಯ್ದರೆ ಬಾಸ್ ಮೀನಿನ ಗಾಳಕ್ಕೆ ಹಾಕುವ ಮೆತ್ತನೆಯ ಹುಳ ತಯಾರು. ಆರ್ವಿಲ್‌ನ ಹುಳಕ್ಕೆ ಹೊಟ್ಟೆ ಕಂದು, ಬೆನ್ನು ಹಸಿರು, ಎರಡರ ನಡುವೆ ತಲೆಯಿಂದ ಬಾಲದವರೆಗೆ ಕೂದಲೆಳೆಯಷ್ಟು ಕೆಂಪು ಗೆರೆ. ಆ ಗೆರೆಯೇ ಅವನ ರುಜು. ಸ್ಕೇಲು ಇಟ್ಟು ಎಳೆದಂತೆ ನೆಟ್ಟಗಿರುತ್ತಿತ್ತು. ಅಲಬಾಮಾದ ನಮ್ಮೂರ ಸರೋವರದ ಸುತ್ತ ಹುಳ ಹೊಯ್ಯುವವರು ಬೀದಿಗೊಬ್ಬರಿದ್ದಾರೆ, ಆ ಗೆರೆ ಮಾತ್ರ ಯಾರಿಗೂ ಬರುವುದಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾನೆಂದು ನಾನು ಇದನ್ನು ಅವನೆದುರು ಹೇಳಿಲ್ಲ.

ಕಳೆದ ಚಳಿಗಾಲದಲ್ಲಿ ಗೆರೆ ಅಲುಗಿತು. ಅಚ್ಚು ತಣ್ಣಗಿತ್ತು ಎಂದ. ಆಮೇಲೆ ಬಣ್ಣ ಸರಿಯಿಲ್ಲ ಎಂದ. ನಾನು ಅವನ ಬಲಗೈ ನೋಡಿದೆ. ಊಟದ ತಟ್ಟೆಯ ಪಕ್ಕ ಸುಮ್ಮನೆ ಇಟ್ಟಿದ್ದ ಕೈಯಲ್ಲಿ ಹೆಬ್ಬೆರಳು ತನ್ನ ಪಾಡಿಗೆ ತಾನು ಏನನ್ನೋ ಉರುಳಿಸುತ್ತಿತ್ತು.

ಡಾಕ್ಟರು ಇದು ಪಾರ್ಕಿನ್ಸನ್ ಕಾಯಿಲೆ ಎಂದರು, ಮಾತ್ರೆ ಬರೆದುಕೊಟ್ಟರು. "ಇದು ಕೈನ ಹಿಡಿತದಲ್ಲಿಡುತ್ತೆ. ಎಲ್ಲಾ ಕಾಲಕ್ಕೂ ಅಲ್ಲ, ಒಂದಲ್ಲ ಒಂದು ದಿನ ಸೋಲುತ್ತೆ. ಆದ್ರೆ ಅಲ್ಲೀವರೆಗೆ ಸಿಕ್ಕಿದ್ದು ನಿಮ್ದೇ" ಎಂದರು. ಮಾತ್ರೆ ಕೆಲಸ ಮಾಡಿತು. ಗೆರೆ ಮತ್ತೆ ನೆಟ್ಟಗಾಯಿತು. ಅವತ್ತು ಚರ್ಚಿನಲ್ಲಿ ನಾನು ನಾಚಿಕೆ ಬಿಟ್ಟು ಅತ್ತೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೈ ನಡುಗುತ್ತಿದ್ದಾಗ ಹೊಯ್ದ ಹುಳಗಳನ್ನು ಎಸೆಯಲು ಮನಸ್ಸಾಗದೆ ಆರ್ವಿಲ್ ಡಬ್‌ನ ಅಂಗಡಿಗೆ ಕೊಟ್ಟುಬಿಟ್ಟಿದ್ದ. ದೋಣಿ ಇಳಿಸುವ ಕಟ್ಟೆಯ ಹತ್ತಿರ ಗಾಳ, ದಾರ ಮಾರುವವನು ಈ ಡಬ್. ಬಾಯಿಗೆ ಬೀಗವಿಲ್ಲದ ಮನುಷ್ಯ. ಏಪ್ರಿಲ್‌ನಲ್ಲಿ ಒಂದು ದಿನ ಮನೆಗೇ ಓಡಿಬಂದ.

"ಏನ್ ಮಾಟ ಮಾಡಿದೀಯೋ ಮಾರಾಯ! ಆ ಡೊಂಕು ಗೆರೆ ಹುಳ ನೀರಲ್ಲಿ ಥೇಟ್ ಜೀವ ಇರೋ ಥರ ಕಾಣುತ್ತೆ, ನರ ಮಿಡಿದಂಗೆ. ಮೀನು ಹುಚ್ಚೆದ್ದು ಬರ್ತಾವೆ. ಎಲ್ರೂ ಅದನ್ನೇ ಕೇಳ್ತಿದಾರೆ ಕಣೋ."

"ನೆಟ್ಟಗಿರೋದು?" ಎಂದ ಆರ್ವಿಲ್.

"ಅದು ಚಂದ ಇದೆ ಬಿಡು. ಮೀನಿಗೆ ಚಂದ ಕಟ್ಕೊಂಡು ಏನಾಗ್ಬೇಕು?"

ಡಬ್‌ಗೆ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ಯಾರಿಗೂ ಬಾಯಿಬಿಡಬಾರದೆಂದು ಆರ್ವಿಲ್ ನನ್ನಿಂದ ಆಣೆ ಮಾಡಿಸಿಕೊಂಡಿದ್ದ. ಆದರೂ ನನ್ನ ಗಂಡನ ಮುಖ ಬಾಡಿದ್ದು ನೋಡಿ ಡಬ್‌ನ ತಲೆಗೆ ಬಾಣಲೆಯಿಂದ ಒಂದು ಕೊಡಬೇಕೆನಿಸಿತು.

ಆರ್ವಿಲ್ ಮೊದಲು ಬೇಕೆಂದೇ ಕೈ ಅಲ್ಲಾಡಿಸಿ ಹೊಯ್ದು ನೋಡಿದ. ಗೆರೆ ಗರಗಸದ ಹಲ್ಲಿನಂತೆ ಬಂತು. "ಇದೇನು, ಚಿಕ್ಕಮಕ್ಕಳ ಕೈಲಿ ಮಾಡ್ಸಿದ್ಯಾ?" ಎಂದು ಡಬ್ ನಕ್ಕು ವಾಪಸ್ ಕೊಟ್ಟ. ಆಮೇಲೆ ಆರ್ವಿಲ್ ಆ ಮಾತೇ ಎತ್ತಲಿಲ್ಲ. ಮರೆತಿದ್ದಾನೆ ಎಂದು ನಾನೂ ಅಂದುಕೊಂಡೆ.

ಮೇ ತಿಂಗಳಲ್ಲಿ ಅಲಬಾಮಾದ ಸೆಖೆಗೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ನನ್ನ ಗಂಡ ತುಂಬುತೋಳಿನ ಅಂಗಿ ಹಾಕಿಕೊಂಡು ತಿರುಗುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಶೆಡ್ಡಿಗೆ ಹೋದೆ. ಮೇಜಿನ ಮೇಲೆ ಆಗತಾನೆ ಅಚ್ಚಿನಿಂದ ಬಿಡಿಸಿದ ಹುಳಗಳಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಕೆಂಪು ಗೆರೆ ಸಣ್ಣಗೆ ನಡುಗುತ್ತ ಬಾಲದವರೆಗೂ ಹೋಗಿತ್ತು. ಬೇಕೆಂದು ಮಾಡಿದ್ದಲ್ಲ ಅದು. ಆ ನಡುಕ ನನಗೆ ಚೆನ್ನಾಗಿ ಗೊತ್ತು, ಇಡೀ ಚಳಿಗಾಲ ಊಟದ ಮೇಜಿನಾಚೆಯಿಂದ ಅದನ್ನೇ ನೋಡಿದ್ದೇನೆ.

"ಮಾತ್ರೆ ಬಿಟ್ಟಿದೀಯ."

ಅವನು ಅಂಗಿಯ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

"ತೋಳು ಮೇಲೆ ಮಾಡು."

"ನೆಲ್ಡಾ, ಸುಮ್ನಿರೇ."

ನಾನೇ ಎಳೆದು ಮೇಲೆ ಮಾಡಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯಗಳು. ಕಾದ ಪ್ಲಾಸ್ಟಿಕ್ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಒಂದು ಗಾಯ ಇನ್ನೂ ಹಸಿಯಾಗಿತ್ತು.

"ತಲೆ ಕೆಟ್ಟಿದೆಯಾ ನಿಂಗೆ? ಮೀನಿಗೋಸ್ಕರ ಕೈ ಬೇಯಿಸ್ಕೋತೀಯಾ?"

"ಮೀನಿಗಲ್ಲ ಕಣೇ." ಅವನು ಕೈ ಬಿಡಿಸಿಕೊಂಡ. "ಈ ಹಾಳು ಕಾಯಿಲೆ ನನ್ನ ಹತ್ರ ಇರೋದನ್ನೆಲ್ಲ ಕಿತ್ಕೊಳ್ಳುತ್ತೆ. ಕೊಟ್ಟಿದ್ದು ಅಂದ್ರೆ ಈ ಗೆರೆ ಒಂದೇ. ಇದನ್ನಾದ್ರೂ ಇಟ್ಕೋತೀನಿ, ಬಿಟ್ಬಿಡು."

ನನಗೆ ಸಿಟ್ಟು ನೆತ್ತಿಗೇರಿತ್ತು, ಸಂಕಟವೂ ಅಷ್ಟೇ ಆಗುತ್ತಿತ್ತು. ಗಾಯಕ್ಕೆ ಮುಲಾಮು ಹಚ್ಚಿ ಮಾತು ಬಿಟ್ಟೆ. ಹಠದಲ್ಲಿ ನಾನೂ ಅವನಿಗೇನು ಕಡಿಮೆಯಿಲ್ಲ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮೀನಿಗೆ ಹೊರಟ. ದೋಣಿಯನ್ನು ಅವನೊಬ್ಬನೇ ನೀರಿಗೆ ಇಳಿಸಲಾರ, ಹಾಗಾಗಿ ಮಾತು ಬಿಟ್ಟಿದ್ದರೂ ಜೊತೆಗೆ ಹೋದೆ. ಜೊಂಡಿನ ಅಂಚಿನಲ್ಲಿ ಮೀನುಗಳು ಎಗರುತ್ತಿದ್ದವು. ಬಿಸಿಲೇರಿದರೆ ಆಳಕ್ಕೆ ಇಳಿದುಬಿಡುತ್ತವೆ, ಇರುವುದೇ ಸ್ವಲ್ಪ ಹೊತ್ತು. ಆರ್ವಿಲ್ ಡೊಂಕು ಗೆರೆಯ ಹುಳವೊಂದನ್ನು ಗಾಳಕ್ಕೆ ಪೋಣಿಸಲು ಹೋದ. ಮೊನೆ ಜಾರಿತು. ಮತ್ತೆ ಪ್ರಯತ್ನಿಸಿದ, ಮತ್ತೆ ಜಾರಿತು. ಆಮೇಲೆ ಹೆಬ್ಬೆರಳಿಗೇ ಚುಚ್ಚಿಕೊಂಡ.

ಕೊನೆಗೆ ಗಾಳ, ಹುಳ ಎರಡನ್ನೂ ನನ್ನ ಕಡೆ ಚಾಚಿ ಮುಖ ಆಚೆ ತಿರುಗಿಸಿದ. "ಪೋಣಿಸಿಕೊಡು."

ತನ್ನ ಗಾಳವನ್ನು ಬೇರೆಯವರಿಂದ ಮುಟ್ಟಿಸಿದವನಲ್ಲ ಅವನು. ಆದರೂ ನಾನು ಕೈ ಚಾಚಲಿಲ್ಲ.

"ಇವತ್ತು ಪೋಣಿಸ್ತೀನಿ. ನಾಳೆ ನಿನ್ನ ಅಂಗಿ ಗುಂಡಿ ಹಾಕ್ತೀನಿ. ನಾಡಿದ್ದು ಚಮಚದಲ್ಲಿ ತಿನ್ನಿಸ್ತೀನಿ. ಎಲ್ಲಾ ಮಾಡ್ತೀನಿ ಕಣೋ, ಮಾಡ್ದೆ ಎಲ್ಲಿಗೆ ಹೋಗ್ಲಿ? ಆದ್ರೆ ಈಗ್ಲೇ ಬೇಡ ಆರ್ವಿಲ್. ನಂಗೆ ಈಗ್ಲೇ ಬೇಡ."

ಚೀಲದಿಂದ ಮಾತ್ರೆ ತೆಗೆದು, ತಣ್ಣನೆಯ ಸಿಹಿ ಚಹಾದ ಬಾಟಲಿಯ ಜೊತೆ ಅವನ ಪಕ್ಕ ಇಟ್ಟೆ. ಅವನು ನೀರನ್ನೇ ನೋಡುತ್ತ ಕೂತ. ಹತ್ತಿರದಲ್ಲೇ ಒಂದು ದೊಡ್ಡ ಮೀನು ಎಗರಿ ಬಿತ್ತು. ಆಮೇಲೆ ಮಾತ್ರೆ ಬಾಯಿಗೆ ಹಾಕಿಕೊಂಡ. ಅರ್ಧ ಚಹಾ ಗಲ್ಲದ ಮೇಲೆ ಚೆಲ್ಲಿತು, ನಾನು ಒರೆಸಲಿಲ್ಲ.

ಮಾತ್ರೆ ಹಿಡಿಯುವವರೆಗೆ ಕಾಯಬೇಕು. ಸುತ್ತಲೂ ಮೀನು ಆಡುತ್ತಿದ್ದವು, ನಾವಿಬ್ಬರೂ ಬರಿಗೈಲಿ ಕೂತಿದ್ದೆವು. ಬಿಸಿಲು ಜೊಂಡಿನ ಮೇಲೆ ಬಂತು. ಮೀನುಗಳ ಸದ್ದು ಕಡಿಮೆಯಾಗಿ ನಿಂತೇಹೋಯಿತು. ಅಷ್ಟು ಹೊತ್ತಿಗೆ ಅವನ ಕೈಯೂ ನಿಂತಿತ್ತು.

ಅವನು ಡೊಂಕು ಗೆರೆಯ ಹುಳವನ್ನು ಪೊಟ್ಟಣಕ್ಕೆ ಹಾಕಿದ. ಗಾಳದ ಪೆಟ್ಟಿಗೆಯ ತಳ ಕೆದಕಿ ನೆಟ್ಟನೆಯ ಗೆರೆಯದೊಂದನ್ನು ತೆಗೆದು, ಒಂದೇ ಸಲಕ್ಕೆ ಗಾಳಕ್ಕೆ ಪೋಣಿಸಿದ.

"ಡಬ್‌ಗೆ ಹೇಳ್ಬಿಡು ನೆಲ್ಡಾ" ಎಂದ, ಗಾಳ ಬೀಸುತ್ತ.

"ಏನಂತ?"

"ಡೊಂಕು ಗೆರೆದು ಬೇಕಾದ್ರೆ ಸ್ವಲ್ಪ ಕಾಯ್ಲಿ ಅಂತ. ಅದು ತಾನಾಗೇ ಬರುತ್ತೆ."

ನಾನು ನಗಲೆಂದೇ ಹೇಳಿದ್ದ. ನಗಲು ಆಗಲಿಲ್ಲ. ದೋಣಿಯ ಎಂಜಿನ್ನಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಹೇಳಿ ಹಿಂದಕ್ಕೆ ತಿರುಗಿ ಕೂತೆ.